ಒಂದು ತುಂಬೆ, ಒಂದು ಬೆಳವ: ಮೆರ್ಲಿನ್ ಮತ್ತು ಐನ್ಯಾಚುರಲಿಸ್ಟ್ ಆ್ಯಪ್‌ಗಳ ವಿಮರ್ಶೆ

ಹಕ್ಕಿ, ಗಿಡಗಳ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳ ಬಗ್ಗೆ ಬರೆಯುವವರು ಅವುಗಳ ಪರೀಕ್ಷೆಗೆಂದು ಅಪರೂಪದ ಜೀವಿಯೊಂದನ್ನು ಹುಡುಕಿಕೊಂಡು ಹೋಗುವುದುಂಟು. ಘಟ್ಟದ ಕಾಡಿನ ಸೀತಾಳೆಯನ್ನೋ ಮಂಗಟ್ಟೆಯನ್ನೋ ಆ್ಯಪ್ ಸರಿಯಾಗಿ ಗುರುತಿಸಿತೆಂದರೆ ಅದಕ್ಕೆ ಪೂರ್ಣ ಅಂಕ ಸಿಕ್ಕಿಬಿಡುತ್ತದೆ. ಇದು ಸರಿಯಾದ ಪರೀಕ್ಷೆಯೆಂದು ನನಗೆ ಅನ್ನಿಸುವುದಿಲ್ಲ. ಮಂಗಟ್ಟೆಯಂಥ ಕೊಕ್ಕಿರುವ ಹಕ್ಕಿ ಇನ್ನೊಂದಿಲ್ಲವಾದ್ದರಿಂದ ಅದನ್ನು ಗುರುತಿಸುವುದು ಯಂತ್ರಕ್ಕೆ ಕಷ್ಟದ ಕೆಲಸವೇನಲ್ಲ. ಇಂಥ ಆ್ಯಪ್‌ಗಳನ್ನು ಜನ ನಿಜವಾಗಿ ಬಳಸುವುದು ಹಿತ್ತಿಲಿನಲ್ಲಿ, ಹೊಲದ ಬದುವಿನ ಮೇಲೆ, ಶಾಲೆಯ ಮೈದಾನದ ಬೇಲಿಯ ಬಳಿ. ಆದ್ದರಿಂದ ಈ ವಿಮರ್ಶೆಗೆ ನಾನು ಆರಿಸಿಕೊಂಡಿದ್ದು ತುಮಕೂರಿನ ಕಡೆಯ ಬೀಳುಭೂಮಿಯಲ್ಲಿ ಯಾರ ಕಣ್ಣಿಗೂ ಬೀಳುವ ಎರಡು ಜೀವಿಗಳನ್ನು: ತಾನೇ ತಾನಾಗಿ ಬೆಳೆದು ಬಿಳಿ ಹೂ ಬಿಡುವ ತುಂಬೆ ಗಿಡ ಮತ್ತು ಅದೇ ನೆಲದ ಮೇಲೆ ಕಾಳು ಹೆಕ್ಕುತ್ತ ಓಡಾಡುವ ಚುಕ್ಕೆ ಬೆಳವ. ಪರೀಕ್ಷೆಗೆ ಒಳಪಟ್ಟ ಆ್ಯಪ್‌ಗಳೂ ಎರಡೇ. ಒಂದು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದವರ ಮೆರ್ಲಿನ್, ಇನ್ನೊಂದು ಐನ್ಯಾಚುರಲಿಸ್ಟ್. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಎರಡರ ಹುಟ್ಟು ಬೇರೆ ಬೇರೆ ಬಗೆಯದು. ಅವುಗಳ ಸ್ವಭಾವದಲ್ಲಿ ಕಾಣುವ ವ್ಯತ್ಯಾಸಕ್ಕೆ ಅದೂ ಒಂದು ಕಾರಣ. 2014ರಲ್ಲಿ ಬಂದ ಮೆರ್ಲಿನ್ ಹಕ್ಕಿಗಳಿಗಷ್ಟೇ ಮೀಸಲು. ಪ್ರಪಂಚದಾದ್ಯಂತ ಹಕ್ಕಿ ವೀಕ್ಷಕರು ಇ-ಬರ್ಡ್ ಜಾಲತಾಣಕ್ಕೆ 2002ರಿಂದ ಸಲ್ಲಿಸುತ್ತ ಬಂದಿರುವ ಪಟ್ಟಿಗಳೇ ಅದರ ಬೆನ್ನೆಲುಬು. ಐನ್ಯಾಚುರಲಿಸ್ಟ್ 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಮೂವರು ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಶುರುವಾಯಿತು. ನಂತರ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಆಶ್ರಯಕ್ಕೆ ಬಂದು, 2023ರಿಂದ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿದೆ. ಅಲ್ಲಿ ಗಿಡ, ಹಕ್ಕಿ, ಅಣಬೆ, ಜೇಡ, ಬಸವನಹುಳು ಎಲ್ಲಕ್ಕೂ ಜಾಗವಿದೆ. ಹಾಗಾಗಿ ಬೆಳವವನ್ನು ಎರಡೂ ಆ್ಯಪ್‌ಗಳ ಮುಂದಿಡಬಹುದು, ತುಂಬೆಯನ್ನು ಮಾತ್ರ ಒಂದರ ಮುಂದೆಯೇ ಇಡಬೇಕು. ಈ ಅಸಮಾನತೆಯಿಂದ ವಿಮರ್ಶೆಗೆ ತೊಂದರೆಯೇನೂ ಆಗಲಿಲ್ಲ.

ಮೊದಲು ಬೆಳವದ ವಿಷಯ. ಕತ್ತಿನ ಹಿಂಭಾಗದ ಕಪ್ಪು ಪಟ್ಟಿಯ ತುಂಬ ಬಿಳಿ ಚುಕ್ಕೆಗಳಿರುವ ಬೆಳವ ನಮ್ಮಲ್ಲಿ ಇದೊಂದೇ. ಬೆನ್ನಿನ ಕಂದು ಗರಿಗಳ ಮೇಲೆ ಗುಲಾಬಿ ಛಾಯೆಯ ಮಚ್ಚೆಗಳಿರುತ್ತವೆ, ಎದೆ ಮಾಸಲು ಗುಲಾಬಿ ಬಣ್ಣದ್ದು. ಮೆರ್ಲಿನ್ ಹಕ್ಕಿಯನ್ನು ಮೂರು ದಾರಿಗಳಲ್ಲಿ ಗುರುತಿಸುತ್ತದೆ. ಫೋಟೊ ಕೊಡಬಹುದು, ಕೂಗನ್ನು ಕೇಳಿಸಬಹುದು, ಎರಡೂ ಇಲ್ಲದಿದ್ದರೆ ಅದು ಕೇಳುವ ಐದು ಪ್ರಶ್ನೆಗಳಿಗೆ ಉತ್ತರಿಸಬಹುದು. ಎಲ್ಲಿ ಕಂಡಿರಿ, ಯಾವಾಗ ಕಂಡಿರಿ, ಗಾತ್ರವೆಷ್ಟು, ಮುಖ್ಯ ಬಣ್ಣಗಳಾವುವು, ಹಕ್ಕಿ ಏನು ಮಾಡುತ್ತಿತ್ತು ಎಂಬವೇ ಆ ಪ್ರಶ್ನೆಗಳು. ನನಗೆ ತುಂಬ ಹಿಡಿಸಿದ್ದು ಈ ಮೂರನೆಯ, ಅತ್ಯಂತ ಹಳೆಯ ದಾರಿ. ಫೋಟೊ ಇಲ್ಲದೆ ನೆನಪಿನ ಆಧಾರದ ಮೇಲೆಯೇ ಉತ್ತರ ಕೊಡುವಾಗ ಹಕ್ಕಿಯನ್ನು ನಾವು ನಿಜಕ್ಕೂ ಎಷ್ಟು ಗಮನಿಸಿದ್ದೇವೆ ಎಂಬುದು ನಮಗೇ ತಿಳಿದುಬಿಡುತ್ತದೆ. ಪಾರಿವಾಳಕ್ಕಿಂತ ಚಿಕ್ಕದು, ಕಂದು ಮತ್ತು ಕಪ್ಪು, ನೆಲದ ಮೇಲೆ ಕಾಳು ತಿನ್ನುತ್ತಿತ್ತು ಎಂದು ಹೇಳಿದರೆ, ಆ ಊರಿನಲ್ಲಿ ಆ ತಿಂಗಳಲ್ಲಿ ಕಾಣಸಿಗುವ ಹಕ್ಕಿಗಳ ಪೈಕಿ ಹೊಂದುವಂಥವುಗಳ ಪಟ್ಟಿಯೊಂದನ್ನು ಅದು ಚಿತ್ರಸಮೇತ ಮುಂದಿಡುತ್ತದೆ.

ಕೂಗಿನ ಮೂಲಕ ಗುರುತಿಸುವ ಸೌಲಭ್ಯ 2021ರಲ್ಲಿ ಸೇರಿಕೊಂಡಿತು. ಇಂದು ಮೆರ್ಲಿನ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅದೇ. ಮೊಬೈಲ್ ಕೇಳಿಸಿಕೊಂಡ ಧ್ವನಿಯನ್ನು ಆ್ಯಪ್ ಒಂದು ಚಿತ್ರವಾಗಿ ಮಾರ್ಪಡಿಸುತ್ತದೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ಥಾಯಿ, ಗೆರೆಯ ಗಾಢತೆಯಲ್ಲಿ ಧ್ವನಿಯ ಬಲ. ಈ ಚಿತ್ರವನ್ನು ಅದು ತಾನು ಕಲಿತ ಚಿತ್ರಗಳೊಂದಿಗೆ ಹೋಲಿಸುತ್ತದೆ. ಅಂದರೆ ಕಿವಿಯ ಕೆಲಸವನ್ನೂ ಯಂತ್ರ ಕಣ್ಣಿನಿಂದಲೇ ಮಾಡುತ್ತಿದೆ. ಬೆಳವದ ಕೂಗು ಕೆಳಸ್ಥಾಯಿಯದಾದ್ದರಿಂದ ಅದರ ಗೆರೆಗಳು ಪರದೆಯ ಅಡಿಯಲ್ಲಿ, ಗಾಳಿಯ ಸದ್ದು ಮತ್ತು ದೂರದ ಟ್ರ್ಯಾಕ್ಟರಿನ ಗುಡುಗುಡು ಬಂದು ಕೂರುವ ಜಾಗದಲ್ಲೇ ಮೂಡುತ್ತವೆ. ಬೆಳಗಿನ ಜಾವ ಗಾಳಿ ಬೀಸುವುದಕ್ಕೆ ಮುಂಚೆ, ಕೂಗುವ ಮರದ ಹತ್ತಿರ ಹೋಗಿ, ಮೊಬೈಲನ್ನು ಅಲ್ಲಾಡಿಸದೆ ಹಿಡಿದರೆ ಗೆರೆಗಳು ಸ್ಪಷ್ಟವಾಗಿ ಬೀಳುತ್ತವೆ. ಮೊದಲು ಒಂದೆರಡು ಬಿಡಿ ಸ್ವರ, ಆಮೇಲೆ ‘ಕ್ರೂ... ಕ್ರೂ’ ಎಂದು ತುಸು ನಡುಗುತ್ತ ಎಳೆಯುವ ಸ್ವರ. ನಮ್ಮ ಕಡೆಯ ಬಯಲಿನಲ್ಲಿ ಕೂಗುವ ಇತರ ಬೆಳವಗಳ ಲಯ ಬೇರೆ. ಕತ್ತಿಗೆ ಕಪ್ಪು ಅರ್ಧಪಟ್ಟಿಯಿರುವ ಬೂದು ಬೆಳವ ಒಂದೇ ಸಮನೆ ಮೂರು ಸ್ವರಗಳ ಕೂಗನ್ನು ಮರುಕಳಿಸುತ್ತದೆ. ಇಂಗ್ಲಿಷಿನವರು ನಗುವ ಬೆಳವ ಎಂದು ಕರೆಯುವ ಪುಟ್ಟ ಹಕ್ಕಿ ಮೆಲ್ಲಗೆ, ಬೇಗಬೇಗನೆ ‘ಕುಕುಕು’ ಎಂದು ಮುಗಿಸಿಬಿಡುತ್ತದೆ. ಆ್ಯಪ್ ಹೇಳುವ ಹೆಸರಿಗಿಂತ, ಪರದೆಯ ಮೇಲೆ ಈ ಲಯಗಳನ್ನು ಅಕ್ಕಪಕ್ಕದಲ್ಲಿ ನೋಡಿ ಕಿವಿಯನ್ನು ಪಳಗಿಸಿಕೊಳ್ಳುವುದಕ್ಕೆ ಈ ಸೌಲಭ್ಯ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ಮೆರ್ಲಿನ್ನಿನ ಇನ್ನೊಂದು ಗುಣವೆಂದರೆ ಇಂಟರ್ನೆಟ್ ಇಲ್ಲದ ಕಡೆಯಲ್ಲೂ ಅದು ಕೆಲಸ ಮಾಡುತ್ತದೆ. ನಮ್ಮ ಪ್ರದೇಶದ ಹಕ್ಕಿಗಳ ಮಾಹಿತಿಯನ್ನು ಒಮ್ಮೆ ಇಳಿಸಿಕೊಂಡರೆ ಆಯಿತು, ಸಿಗ್ನಲ್ ಸಿಗದ ತೋಟದ ಮೂಲೆಯಲ್ಲೂ ಉತ್ತರ ಬರುತ್ತದೆ. ಆದರೆ ಬಂದ ಉತ್ತರ ಸರಿಯೋ ತಪ್ಪೋ ಎಂದು ನೋಡುವ ಎರಡನೆಯ ಮನುಷ್ಯ ಅಲ್ಲಿಲ್ಲ. ಧ್ವನಿಯ ಗುರುತನ್ನು ಸೂಚನೆಯೆಂದು ಮಾತ್ರ ತಿಳಿಯಬೇಕು, ಹಕ್ಕಿಯನ್ನು ಸ್ವತಃ ಖಚಿತಪಡಿಸಿಕೊಂಡ ಮೇಲೆಯೇ ಇ-ಬರ್ಡ್ ಪಟ್ಟಿಗೆ ಸೇರಿಸಬೇಕು ಎಂದು ಕಾರ್ನೆಲ್‌ನವರೇ ಬಳಕೆದಾರರಿಗೆ ಹೇಳುತ್ತಾರೆ. ಎಲ್ಲರೂ ಅದನ್ನು ಪಾಲಿಸುತ್ತಾರೆಂದು ನಾನು ನಂಬಿಲ್ಲ. ಪೂರ್ತಿ ಬೆಳೆದ ಚುಕ್ಕೆ ಬೆಳವದ ಮಟ್ಟಿಗೆ ಇದರಿಂದ ಅನಾಹುತವಿಲ್ಲ. ತೊಡಕಿರುವುದು ಮರಿ ಬೆಳವದ ವಿಷಯದಲ್ಲಿ. ಗೂಡು ಬಿಟ್ಟ ಹೊಸತರಲ್ಲಿ ಅದರ ಕತ್ತಿನ ಮೇಲೆ ಚುಕ್ಕೆಗಳ ಪಟ್ಟಿ ಇರುವುದಿಲ್ಲ, ಬಣ್ಣವೂ ಮಂಕು. ಇಡೀ ಗುರುತೇ ಕಾಣೆಯಾಗಿರುವ ಹಕ್ಕಿಯ ಫೋಟೊ ಕೊಟ್ಟು ಯಂತ್ರದಿಂದ ಖಚಿತ ಉತ್ತರ ಬಯಸುವುದು ನ್ಯಾಯವಲ್ಲ. ಆ ಮರಿಗೆ ಗುಟುಕು ಕೊಡಲು ಬರುವ ತಾಯಿಯನ್ನೋ ತಂದೆಯನ್ನೋ ಕಾದು ನೋಡುವುದೇ ಸುಲಭ.

ಈಗ ತುಂಬೆ. ಐನ್ಯಾಚುರಲಿಸ್ಟಿಗೆ ತುಂಬೆ ಹೂವಿನ ಫೋಟೊ ಕೊಟ್ಟು ಸೂಚನೆ ಕೇಳಿದಾಗ ಅದು ಉತ್ತರಿಸುವ ಧಾಟಿಯೇ ಬೇರೆ. ಪ್ರಭೇದದ ಹೆಸರನ್ನು ನೇರವಾಗಿ ಮುಂದಿಡುವ ಬದಲು, ಇದು ಲ್ಯೂಕಾಸ್ ಕುಲಕ್ಕೆ ಸೇರಿದ್ದೆಂದು ಬಹುಮಟ್ಟಿಗೆ ಖಚಿತ ಎಂದು ಮೇಲೆ ಹೇಳಿ, ಕೆಳಗೆ ಸಾಧ್ಯತೆಗಳ ಪಟ್ಟಿಯೊಂದನ್ನು ಕೊಡುತ್ತದೆ. ಹೊಸಬರಿಗೆ ಇದು ಜಾರಿಕೊಳ್ಳುವ ಉತ್ತರದಂತೆ ಕಾಣಬಹುದು. ತುಂಬೆಯ ಬಳಗವನ್ನು ಬಲ್ಲವರಿಗೆ ಮಾತ್ರ ಇದು ಪ್ರಾಮಾಣಿಕ ಉತ್ತರವೆಂದು ತೋರುತ್ತದೆ. ನಮ್ಮ ಹೊಲಗದ್ದೆಗಳ ಸಾಮಾನ್ಯ ತುಂಬೆಯಾದ ಲ್ಯೂಕಾಸ್ ಆಸ್ಪೆರಾ ಅಲ್ಲದೆ ಅದೇ ಕುಲದ ಹಲವು ಪ್ರಭೇದಗಳು ಕರ್ನಾಟಕದಲ್ಲಿ ಬೆಳೆಯುತ್ತವೆ, ಬಹುಪಾಲು ಎಲ್ಲದರ ಹೂವೂ ಬಿಳಿ. ಹೂವಿನ ಆಕಾರವೂ ಒಂದೇ. ಮೇಲಿನ ತುಟಿ ರೋಮ ತುಂಬಿದ ಪುಟ್ಟ ಟೊಪ್ಪಿಗೆಯಂತೆ ಬಾಗಿರುತ್ತದೆ, ಕೆಳಗಿನದು ಮೂರು ಭಾಗವಾಗಿ ಅಗಲಕ್ಕೆ ಚಾಚಿರುತ್ತದೆ. ಹೂವನ್ನಷ್ಟೇ ಎದುರಿನಿಂದ ತೆಗೆದ ಫೋಟೊದಲ್ಲಿ ಇವುಗಳನ್ನು ಬೇರ್ಪಡಿಸುವುದು ಸಸ್ಯಶಾಸ್ತ್ರಜ್ಞರಿಗೂ ಕಷ್ಟ.

ಹಾಗಾದರೆ ಬೇರ್ಪಡಿಸುವ ಗುರುತು ಎಲ್ಲಿದೆ? ಹೂವನ್ನು ಹಿಡಿದಿರುವ ಹಸಿರು ಕೊಳವೆಯಲ್ಲಿ. ತುಂಬೆಯ ಗೆಣ್ಣುಗಳ ಸುತ್ತ ಗುಂಡನೆಯ ದಟ್ಟ ಗೊಂಚಲಿನಲ್ಲಿ ಹೂಗಳು ಕೂತಿರುತ್ತವೆ. ಒಂದು ಹೂವನ್ನು ಮೆಲ್ಲಗೆ ಎಳೆದರೆ ಬಿಳಿಯ ಭಾಗವಷ್ಟೇ ಕೈಗೆ ಬಂದು, ಪುಷ್ಪಪತ್ರಗಳು ಕೂಡಿ ಆದ ಕೊಳವೆ ಗೊಂಚಲಿನಲ್ಲೇ ಉಳಿಯುತ್ತದೆ. ಅದರ ಬಾಯಿಯನ್ನು ಹತ್ತಿರದಿಂದ ನೋಡಬೇಕು. ಲ್ಯೂಕಾಸ್ ಆಸ್ಪೆರಾದಲ್ಲಿ ಈ ಕೊಳವೆ ತುಸು ಬಾಗಿದ್ದು, ಬಾಯಿ ಓರೆಯಾಗಿ ಕತ್ತರಿಸಿದಂತಿರುತ್ತದೆ, ಮೇಲುಭಾಗ ಮುಂದಕ್ಕೆ ಚಾಚಿರುತ್ತದೆ, ಅಂಚಿನಲ್ಲಿ ಸಣ್ಣ ಮೊನಚು ಹಲ್ಲುಗಳಿರುತ್ತವೆ. ಎಲೆಗಳು ಸಪೂರ, ಕಾಂಡ ಚೌಕ ಮತ್ತು ಮುಟ್ಟಿದರೆ ಒರಟು. ಇದೇ ಕುಲದ ಇನ್ನೊಂದು ಪ್ರಭೇದದಲ್ಲಿ ಹೂಗಳು ಕಾಂಡದ ತುದಿಯ ಒಂದೇ ದೊಡ್ಡ ಉಂಡೆಯಲ್ಲಿ ಕೂಡಿಕೊಂಡು, ಸುತ್ತ ಎದ್ದು ಕಾಣುವ ಎಲೆಯಂಥ ಹೊದಿಕೆಗಳಿರುತ್ತವೆ. ಮತ್ತೊಂದರಲ್ಲಿ ಎಲೆಯ ಕಂಕುಳಲ್ಲಿ ಎರಡೆರಡೇ ಹೂಗಳು. ಆದ್ದರಿಂದ ತುಂಬೆಗೆ ಒಂದು ಫೋಟೊ ಸಾಲದು. ಇಡೀ ಗಿಡದ್ದೊಂದು, ಎಲೆಯ ಜೋಡಣೆ ಕಾಣುವ ಕಾಂಡದ್ದೊಂದು, ಗೊಂಚಲಿನದೊಂದು, ಕೊಳವೆಯ ಬಾಯಿಯದೊಂದು ಬೇಕು. ಐನ್ಯಾಚುರಲಿಸ್ಟ್ ಒಂದೇ ದಾಖಲೆಯಲ್ಲಿ ಹಲವು ಫೋಟೊಗಳಿಗೆ ಅವಕಾಶ ಕೊಡುತ್ತದೆ. ಆದರೆ ಯಾವ ಭಾಗದ ಫೋಟೊ ಬೇಕೆಂದು ಅದಾಗಿ ಹೇಳಿಕೊಡುವುದಿಲ್ಲ. ಗಿಡಗಳ ಮಟ್ಟಿಗೆ ನನಗೆ ಕಂಡ ಮುಖ್ಯ ಕೊರತೆ ಇದು. ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ನಡೆಸುವ ಪ್ಲಾಂಟ್‌ನೆಟ್ ಎಂಬ ಆ್ಯಪ್‌ನಲ್ಲಿ ಫೋಟೊ ಎಲೆಯದೋ ಹೂವಿನದೋ ಕಾಯಿಯದೋ ತೊಗಟೆಯದೋ ಎಂದು ಗುರುತು ಹಾಕುವ ಕ್ರಮವಿದೆ. ಅಷ್ಟಾದರೂ ಇಲ್ಲಿ ಇರಬೇಕಿತ್ತು.

ಯಂತ್ರದ ಸೂಚನೆಯ ಮಿತಿಯನ್ನು ಅರಿಯಲು ಅದು ಕಲಿತ ಬಗೆಯನ್ನು ತಿಳಿದಿರುವುದು ಒಳ್ಳೆಯದು. ಐನ್ಯಾಚುರಲಿಸ್ಟಿನ ಚಿತ್ರ ಗುರುತಿಸುವ ವ್ಯವಸ್ಥೆಗೆ ಪಾಠ ಹೇಳಿರುವುದು ಬಳಕೆದಾರರೇ ಏರಿಸಿದ ಫೋಟೊಗಳು. ಒಂದು ಪ್ರಭೇದದ ಫೋಟೊಗಳು ಸಾಕಷ್ಟು ಸೇರುವವರೆಗೆ ಆ ಪ್ರಭೇದ ಅದರ ಪಾಠದಲ್ಲೇ ಬರುವುದಿಲ್ಲ, ಪಾಠದಲ್ಲಿ ಇಲ್ಲದ್ದನ್ನು ಅದು ಹೆಸರಿಸಲಾರದು. ಚುಕ್ಕೆ ಬೆಳವಕ್ಕೆ ಈ ತೊಂದರೆಯಿಲ್ಲ. ಏಷ್ಯಾದ ಬಹುಭಾಗದಲ್ಲಿ ಅದು ಸಾಮಾನ್ಯ. ಜನರೇ ಕೊಂಡೊಯ್ದು ಬಿಟ್ಟದ್ದರಿಂದ ಆಸ್ಟ್ರೇಲಿಯಾ, ಹವಾಯಿ, ಕ್ಯಾಲಿಫೋರ್ನಿಯಾಗಳಲ್ಲೂ ನೆಲೆಸಿದೆ. ಕ್ಯಾಮೆರಾ ಹಿಡಿದ ಜನರಿರುವ ಊರುಗಳಲ್ಲೇ ಬದುಕುವ ಹಕ್ಕಿಗೆ ಫೋಟೊಗಳ ಕೊರತೆಯಾದರೂ ಹೇಗೆ ಬರಬೇಕು? ಸಾಮಾನ್ಯ ತುಂಬೆಯೂ ಈ ವಿಷಯದಲ್ಲಿ ಬಡವನಲ್ಲ. ಆದರೆ ಅದರ ಅಪರೂಪದ ದಾಯಾದಿಗಳು, ಮುಖ್ಯವಾಗಿ ಗುಡ್ಡದ ಹುಲ್ಲುಗಾವಲುಗಳಿಗಷ್ಟೇ ಸೀಮಿತವಾದವು, ಹಿಂದುಳಿಯುತ್ತವೆ. ಅವುಗಳ ಫೋಟೊ ಕೊಟ್ಟಾಗ ಸಾಮಾನ್ಯ ತುಂಬೆಯ ಹೆಸರೇ ಪಟ್ಟಿಯ ತಲೆಯ ಮೇಲೆ ಬಂದು ಕೂರುವ ಸಂಭವ ಹೆಚ್ಚು.

ಯಂತ್ರ ನಿಂತ ಕಡೆಯಿಂದ ಮುಂದಕ್ಕೆ ಐನ್ಯಾಚುರಲಿಸ್ಟಿನಲ್ಲಿ ಮನುಷ್ಯರು ಬರುತ್ತಾರೆ, ಆ ಆ್ಯಪ್‌ನ ನಿಜವಾದ ಬೆಲೆ ಇರುವುದು ಅಲ್ಲೇ. ನಾವು ಏರಿಸಿದ ದಾಖಲೆಯನ್ನು ಬೇರೆ ಬಳಕೆದಾರರು ನೋಡುತ್ತಾರೆ, ಒಪ್ಪುತ್ತಾರೆ, ಒಪ್ಪದಿದ್ದರೆ ಬೇರೆ ಹೆಸರು ಸೂಚಿಸುತ್ತಾರೆ. ದಿನಾಂಕ, ಸ್ಥಳ, ಫೋಟೊ ಅಥವಾ ಧ್ವನಿ ಇದ್ದು, ಜೀವಿ ಸಾಕಿದ್ದಲ್ಲ ಎಂದಾಗಿ, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಪ್ರಭೇದದ ಹೆಸರನ್ನು ಒಪ್ಪಿದರೆ ದಾಖಲೆ ಸಂಶೋಧನಾ ದರ್ಜೆಗೆ ಏರುತ್ತದೆ. ಮುಕ್ತ ಪರವಾನಗಿ ಇರುವ ಅಂಥ ದಾಖಲೆಗಳು ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಭಂಡಾರಕ್ಕೂ ಸೇರುತ್ತವೆ. ಬೆಳವದ ದಾಖಲೆಗೆ ಈ ಒಪ್ಪಿಗೆ ಬೇಗ ಸಿಗುತ್ತದೆ. ಹಕ್ಕಿ ಬಲ್ಲವರಿಗೆ ಬರವಿಲ್ಲ. ತುಂಬೆಯ ದಾಖಲೆ ಕಾಯಬೇಕಾಗುತ್ತದೆ. ಕೊಳವೆಯ ಬಾಯಿಯ ಫೋಟೊ ಇದ್ದರೆ ಕಾಯುವ ಕಾಲ ಕಡಿಮೆಯಾಗುತ್ತದೆಂಬುದು ನನ್ನ ಅನುಭವ. ಗಿಡ ಗುರುತಿಸಲು ಕೂತವರಿಗೆ ನೂರು ಮಸುಕು ಫೋಟೊಗಳ ನಡುವೆ ಅಂಥದ್ದೊಂದು ಕಂಡರೆ ಸಂತೋಷವಾಗುತ್ತದೆ, ಕೆಲವರು ಯಾವ ಗುರುತಿನಿಂದ ನಿರ್ಧರಿಸಿದೆವೆಂದು ಎರಡು ಸಾಲು ಬರೆದೂ ಹೋಗುತ್ತಾರೆ. ಆ ಎರಡು ಸಾಲಿನಿಂದ ಕಲಿತಷ್ಟು ಯಂತ್ರದ ಪಟ್ಟಿಯಿಂದ ನಾನು ಕಲಿತಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಶಿವರಾತ್ರಿಯ ಪೂಜೆಗೆಂದು ಕೆಲವರು ತುಂಬೆಯನ್ನು ಕುಂಡದಲ್ಲಿ ಬೆಳೆಸಿಕೊಳ್ಳುತ್ತಾರೆ. ಅಂಥ ಗಿಡದ ಫೋಟೊ ಏರಿಸುವಾಗ ಅದು ನೆಟ್ಟದ್ದೆಂದು ತಪ್ಪದೆ ನಮೂದಿಸಬೇಕು, ಇಲ್ಲದಿದ್ದರೆ ನಿಮ್ಮ ಮಹಡಿಯ ಬಾಲ್ಕನಿ ಕಾಡುಗಿಡದ ನೆಲೆಯಾಗಿ ನಕ್ಷೆಯ ಮೇಲೆ ಬೀಳುತ್ತದೆ. ಎರಡನೆಯದು, ಆ್ಯಪ್ ಸ್ಥಳವನ್ನು ನಿಖರವಾಗಿ ದಾಖಲಿಸುತ್ತದೆ. ಅಳಿವಿನಂಚಿನ ಜೀವಿಗಳ ಸ್ಥಳವನ್ನು ಅದು ತಾನಾಗಿಯೇ ಮರೆಮಾಡುತ್ತದೆ, ತುಂಬೆಗೂ ಬೆಳವಕ್ಕೂ ಹಾಗೆ ಮಾಡುವುದಿಲ್ಲ. ಮನೆಯ ಅಂಗಳದಲ್ಲಿ ತೆಗೆದ ಫೋಟೊ ಎಂದರೆ ಮನೆಯ ವಿಳಾಸವೂ ಬಹಿರಂಗವಾದಂತೆ. ಸ್ಥಳವನ್ನು ಮಸುಕುಗೊಳಿಸುವ ಆಯ್ಕೆ ಇದೆ. ಮಕ್ಕಳ ಕೈಗೆ ಕೊಡುವ ಮುಂಚೆ ಅದನ್ನು ಬಳಸುವುದು ಲೇಸು. ಖಾತೆಯನ್ನೇ ತೆರೆಯದೆ ಬಳಸಬಹುದಾದ ಸೀಕ್ ಎಂಬ ಇನ್ನೊಂದು ಆ್ಯಪ್ ಅವರದೇ ಇದೆ, ಶಾಲೆಯ ಮಕ್ಕಳಿಗೆ ಅದು ಹೆಚ್ಚು ಸೂಕ್ತ.

ಬೆಳವವನ್ನೂ ಐನ್ಯಾಚುರಲಿಸ್ಟಿಗೆ ತೋರಿಸಿದೆನಲ್ಲ, ಅದರ ಬಗ್ಗೆ ಹೇಳುವುದು ಕಡಿಮೆ. ಫೋಟೊ ಸ್ಪಷ್ಟವಾಗಿದ್ದರೆ ಉತ್ತರ ಸರಿಯಾಗಿಯೇ ಬರುತ್ತದೆ. ಕೂಗನ್ನು ಮುದ್ರಿಸಿ ಏರಿಸಬಹುದು, ಆದರೆ ಯಂತ್ರದ ಸೂಚನೆ ಫೋಟೊಗಳಿಗಷ್ಟೇ ಸಿಗುವುದರಿಂದ ಧ್ವನಿಯನ್ನು ಯಾರಾದರೂ ಮನುಷ್ಯರೇ ಕೇಳಿ ಹೇಳಬೇಕು. ಬೆಳವ ಕೂಗುವುದು ಹೆಚ್ಚಾಗಿ ಎಲೆಗಳ ಮರೆಯಿಂದ; ಇಂಥ ಹಕ್ಕಿಗೆ ಮೆರ್ಲಿನ್ ಪಕ್ಕದಲ್ಲಿ ಇದು ನಿಲ್ಲಲಾರದು. ಹೆಸರಿನ ವಿಷಯದಲ್ಲಿ ಇನ್ನೊಂದು ಸಣ್ಣ ಗೊಂದಲವಿದೆ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸಂಸ್ಥೆ ಭಾರತದ ಚುಕ್ಕೆ ಬೆಳವವನ್ನು ಪೂರ್ವ ಏಷ್ಯಾದ್ದರಿಂದ ಬೇರ್ಪಡಿಸಿ, ಸೂರತ್ ಊರಿನ ಹೆಸರು ಹೊತ್ತ ಸ್ಪಿಲೋಪೆಲಿಯಾ ಸುರಾಟೆನ್ಸಿಸ್ ಎಂಬ ಸ್ವತಂತ್ರ ಪ್ರಭೇದವೆಂದು ಪರಿಗಣಿಸುತ್ತದೆ. ಎರಡನ್ನೂ ಕೂಡಿಸಿ ಸ್ಪಿಲೋಪೆಲಿಯಾ ಚೈನೆನ್ಸಿಸ್ ಎಂದೇ ಕರೆಯುವ ಪಟ್ಟಿಗಳೂ ಬಳಕೆಯಲ್ಲಿವೆ. ಆ್ಯಪ್‌ಗಳು, ಪುಸ್ತಕಗಳು ಬೇರೆ ಬೇರೆ ಹೆಸರು ತೋರಿಸಿದರೆ ಗಾಬರಿಯಾಗಬೇಕಿಲ್ಲ, ಹಕ್ಕಿ ಅದೇ.

ಕನ್ನಡ ಓದುಗರಿಗೆ ಇವೆರಡೂ ಪೂರ್ತಿ ಒಗ್ಗುತ್ತವೆಯೇ ಎಂದರೆ, ಇನ್ನೂ ಇಲ್ಲ. ಐನ್ಯಾಚುರಲಿಸ್ಟಿನಲ್ಲಿ ಯಾವ ಜೀವಿಗಾದರೂ ಕನ್ನಡದ ಹೆಸರನ್ನು ಬಳಕೆದಾರರೇ ಸೇರಿಸಬಹುದು, ಇದು ಒಳ್ಳೆಯ ವ್ಯವಸ್ಥೆ. ಆದರೆ ಹಳ್ಳಿಯಲ್ಲಿ ತುಂಬೆ ಎನಿಸಿಕೊಳ್ಳುವುದೆಲ್ಲ ಲ್ಯೂಕಾಸ್ ಅಲ್ಲ. ಕರಿತುಂಬೆ ಇದೇ ಕುಟುಂಬದ ಬೇರೆ ಕುಲದ್ದು. ಕತ್ತೆತುಂಬೆಯಂತೂ ಬೇರೆ ಕುಟುಂಬದ ಗಿಡವೇ. ಸೇರಿಸುವವರು ವೈಜ್ಞಾನಿಕ ಹೆಸರನ್ನು ನೋಡಿಕೊಂಡು ಸೇರಿಸಬೇಕು. ಸಂದೇಹ ಬಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ರೂಪಿಸಿರುವ ಕರ್ನಾಟಕದ ಸಸ್ಯಸಂಪತ್ತಿನ ಡಿಜಿಟಲ್ ಭಂಡಾರವನ್ನು ನೋಡಬಹುದು. ಅದು ಇಂಗ್ಲಿಷಿನಲ್ಲಿದೆ, ಬಳಸಲು ಆ್ಯಪ್‌ನಷ್ಟು ಸಲೀಸಲ್ಲ. ಆದರೂ ನಮ್ಮ ರಾಜ್ಯದ ಗಿಡಗಳನ್ನೇ ಕುರಿತದ್ದಾದ್ದರಿಂದ ಐನ್ಯಾಚುರಲಿಸ್ಟ್ ಕೊಟ್ಟ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಲು ಇದಕ್ಕಿಂತ ಅನುಕೂಲವಾದದ್ದನ್ನು ನಾನು ಕಂಡಿಲ್ಲ.

ಬರೀ ಹಕ್ಕಿಗಳ ಆಸಕ್ತಿ ಇರುವವರು, ಅದರಲ್ಲೂ ಈಗಷ್ಟೇ ಶುರುಮಾಡುವವರು, ಮೆರ್ಲಿನ್ ಹಾಕಿಕೊಳ್ಳಲಿ. ಹಳೆಯ ಮೊಬೈಲ್ ಆಗಿದ್ದರೆ ಮಾಹಿತಿ ಕಡತ ಇಳಿಸುವ ಮುಂಚೆ ಜಾಗ ಖಾಲಿಯಿದೆಯೇ ಎಂದು ನೋಡಿಕೊಳ್ಳಬೇಕು. ವೈಫೈ ಇರುವ ಕಡೆ ಇಳಿಸಿಕೊಳ್ಳುವುದು ಮೇಲು. ಹೊಲ, ಬೇಲಿ, ಕೆರೆಯಂಗಳದ ಗಿಡಗಳನ್ನೂ ಅರಿಯಬೇಕೆನ್ನುವವರಿಗೆ ಐನ್ಯಾಚುರಲಿಸ್ಟ್ ಬಿಟ್ಟು ಬೇರೆಯದನ್ನು ನಾನು ಸೂಚಿಸಲಾರೆ. ಉತ್ತರ ತಡವಾಗುವುದನ್ನು ಸಹಿಸುವ ತಾಳ್ಮೆಯೊಂದು ಬೇಕು. ಜೊತೆಗೆ ಹತ್ತಿರದ ಫೋಟೊ ತೆಗೆಯಲು ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೊ ಲೆನ್ಸ್ ಇದ್ದರೆ ಅನುಕೂಲ. ಇಲ್ಲದಿದ್ದರೆ ತುಂಬೆಯ ಗೊಂಚಲಿನ ಹಿಂದೆ ಅಂಗೈಯನ್ನು ಹಿಡಿದು, ಹಸಿರು ಕೊಳವೆಯ ಬಾಯಿಯ ಮೇಲೆ ಪರದೆಯನ್ನು ಒತ್ತಿ ಫೋಕಸ್ ಮಾಡಿದರೂ ಗುರುತಿಸುವವರಿಗೆ ಸಾಕಾಗುವಷ್ಟು ಸ್ಪಷ್ಟವಾದ ಫೋಟೊ ಬರುತ್ತದೆ.